ಸ್ಟಾರ್ ಬ್ರಶ್ ಎಲ್ಲಿ ಸಿಗುತ್ತೆ ಅಂತ ಕೇಳುವವರಿಗೆ

ಪ್ರಶ್ನೆ: ಪೋಸ್ಟರ್‌ಗೆ ನಕ್ಷತ್ರ ತುಂಬಿದ ಆಕಾಶದ ಬ್ಯಾಕ್‌ಗ್ರೌಂಡ್ ಬೇಕು. ಫೋಟೋಶಾಪ್ ಅಥವಾ ಗಿಂಪ್‌ಗೆ ಒಳ್ಳೆಯ ಸ್ಟಾರ್ ಬ್ರಶ್ ಎಲ್ಲಿ ಸಿಗುತ್ತೆ?

ಮತ್ತೆ ಅದೇ ಪ್ರಶ್ನೆ. ವಿಜ್ಞಾನ ದಿನ ಹತ್ತಿರ ಬಂತು ಅಂದರೆ ಶುರು. ಒತ್ತಿದಲ್ಲೆಲ್ಲ ನಕ್ಷತ್ರ ಮೂಡಿಸುವ ಬ್ರಶ್ ಬೇಡ ಮಾರಾಯ್ರೇ, ಬೇಕಾದದ್ದೆಲ್ಲ ಚಿತ್ರ ತಿದ್ದುವ ಆ ಸಾಫ್ಟ್‌ವೇರ್‌ನಲ್ಲೇ ಇದೆ.

ಪೂರ್ತಿ ಕಪ್ಪು ಲೇಯರ್ (ಚಿತ್ರದ ಒಂದು ಪದರ) ಮಾಡಿಕೊಳ್ಳಿ. ಅದಕ್ಕೆ ನಾಯ್ಸ್, ಅಂದರೆ ಅಡ್ಡಾದಿಡ್ಡಿ ಚುಕ್ಕಿ, ಹಾಕಿ. ಫೋಟೋಶಾಪ್‌ನಲ್ಲಿ ಆ್ಯಡ್ ನಾಯ್ಸ್, ಗಾಸಿಯನ್, ಮೊನೊಕ್ರೊಮ್ಯಾಟಿಕ್‌ಗೆ ಟಿಕ್. ಗಿಂಪ್‌ನಲ್ಲಿ ಆರ್‌ಜಿಬಿ ನಾಯ್ಸ್, ಇಂಡಿಪೆಂಡೆಂಟ್ ಆರ್‌ಜಿಬಿಯ ಟಿಕ್ ತೆಗೆಯಿರಿ. ಈಗ ಕಾಣುವುದು ಆಂಟೆನಾ ಕಿತ್ತ ಹಳೇ ಟಿವಿ. ಇಲ್ಲಿಗೇ ನಿಲ್ಲಿಸಿ "ಸರ್, ಚೆನ್ನಾಗಿ ಬರ್ತಿಲ್ಲ" ಅಂತ ಬರೆಯುವವರೇ ಜಾಸ್ತಿ. ಸ್ವಲ್ಪ ತಡೀರಿ. ಚಿತ್ರವನ್ನು ಮಸುಕಾಗಿಸುವ ಗಾಸಿಯನ್ ಬ್ಲರ್ ಕೊಡಿ, 1 ಪಿಕ್ಸೆಲ್ ಆಸುಪಾಸು. ಆಮೇಲೆ ಕಪ್ಪು-ಬಿಳುಪು ಹೊಂದಿಸುವ ಲೆವೆಲ್ಸ್ ತೆರೆದು ಕಪ್ಪು ಸ್ಲೈಡರನ್ನು ಬಲಕ್ಕೂ ಬಿಳಿ ಸ್ಲೈಡರನ್ನು ಎಡಕ್ಕೂ ನಿಧಾನವಾಗಿ ಎಳೆಯಿರಿ. ಬೂದು ಬಣ್ಣವೆಲ್ಲ ಮುಳುಗಿ ಚುಕ್ಕಿಗಳು ಮಾತ್ರ ಉಳಿಯುತ್ತವೆ.

ಈ ಕ್ರಮ ತಪ್ಪಿಸಬೇಡಿ. ಬ್ಲರ್ ಮಾಡಿದಾಗ ಅಕ್ಕಪಕ್ಕದ ಪಿಕ್ಸೆಲ್‌ಗಳು ಬೆರೆಯುತ್ತವೆ. ಹೊಳೆಯುವ ಪಿಕ್ಸೆಲ್‌ಗಳು ಅಕಸ್ಮಾತ್ ಗುಂಪಾಗಿ ಬಿದ್ದ ಕಡೆ ಮಾತ್ರ ಬೆಳಕು ಎದ್ದು ನಿಲ್ಲುತ್ತದೆ, ಲೆವೆಲ್ಸ್ ಅಷ್ಟನ್ನೇ ಉಳಿಸುತ್ತದೆ. ಹಾಗಾಗಿ ದೊಡ್ಡ ಚುಕ್ಕಿ ಕಡಿಮೆ, ಮಂಕು ಚುಕ್ಕಿ ಜಾಸ್ತಿ. ನಿಜವಾದ ಆಕಾಶವೂ ಹೀಗೇ ಅಲ್ವಾ? ತುಂಬಾ ಪ್ರಕಾಶಮಾನ ಅನ್ನಿಸುವ ನಕ್ಷತ್ರಗಳು ಇಡೀ ಆಕಾಶದಲ್ಲಿ ಇಪ್ಪತ್ತರ ಆಸುಪಾಸು. ಮಂಕುತನದಲ್ಲಿ ಒಂದೊಂದು ಮೆಟ್ಟಿಲು (ಖಗೋಳದವರ ಮ್ಯಾಗ್ನಿಟ್ಯೂಡ್) ಇಳಿದಂತೆ ಸಂಖ್ಯೆ ಸುಮಾರು ಮೂರು ಪಟ್ಟು ಏರುತ್ತದೆ. ಇನ್ನೂ ದಪ್ಪ ಚುಕ್ಕಿ ಬೇಕಿದ್ದರೆ ಅದೇ ಲೇಯರನ್ನು ಕಾಪಿ ಮಾಡಿ, 300 ಪರ್ಸೆಂಟ್ ಹಿಗ್ಗಿಸಿ, ತಿರುಗಿಸಿ, ಲೇಯರ್ ಬೆರೆಯುವ ಮೋಡನ್ನು "ಸ್ಕ್ರೀನ್"ಗೆ ಇಡಿ.

ಇಷ್ಟು ಹೇಳಿದ ಮೇಲೂ ಬರುವ ಮಾತು: "ಆದ್ರೆ ಮೂಲೆ ಬರಲಿಲ್ಲವಲ್ಲ?"

ನಕ್ಷತ್ರಕ್ಕೆ ಮೂಲೆ ಇಲ್ಲ! ನಾಲ್ಕೂ ಇಲ್ಲ, ಐದೂ ಇಲ್ಲ. ಸೂರ್ಯನೂ ನಕ್ಷತ್ರವೇ, ಅವನಿಗೆಲ್ಲಿದೆ ಮೂಲೆ? ಹಬಲ್ ಬಾಹ್ಯಾಕಾಶ ದೂರದರ್ಶಕದ ಚಿತ್ರಗಳಲ್ಲಿ ಕಾಣುವ ಆ ನಾಲ್ಕು ಗೆರೆ ನಕ್ಷತ್ರದ್ದಲ್ಲ, ದೂರದರ್ಶಕದ್ದು. ಅದರ ಒಳಗಿನ ಸಣ್ಣ ಕನ್ನಡಿಯನ್ನು ನಾಲ್ಕು ತೆಳು ಪಟ್ಟಿಗಳು ಹಿಡಿದುಕೊಂಡಿವೆ, ಅವುಗಳ ಅಂಚಿನಲ್ಲಿ ಬೆಳಕು ಚೆದುರಿ ಗೆರೆಯಾಗುತ್ತದೆ. ಇನ್ನೊಂದು ಬಾಹ್ಯಾಕಾಶ ದೂರದರ್ಶಕ ಜೇಮ್ಸ್ ವೆಬ್‌ನದು ಆರು ಮೂಲೆಯ 18 ಕನ್ನಡಿಗಳನ್ನು ಜೋಡಿಸಿದ್ದು, ಅದಕ್ಕೇ ಅಲ್ಲಿ ಆರು ದೊಡ್ಡ ಗೆರೆ, ಜೊತೆಗೆ ಎರಡು ಚಿಕ್ಕವು. ಅದೇ ನಕ್ಷತ್ರ, ಬೇರೆ ಯಂತ್ರ, ಬೇರೆ ಗೆರೆ. ಮೊಬೈಲ್ ಬದಿಗಿಟ್ಟು ರಾತ್ರಿ ದೂರದ ಬೀದಿದೀಪವನ್ನು ನೋಡಿ. ಸುತ್ತ ಗೆರೆ ಕಾಣುತ್ತವೆಯಲ್ಲ, ಈಗ ತಲೆ ವಾಲಿಸಿ. ಗೆರೆಗಳೂ ವಾಲುತ್ತವೆ. ದೀಪ ವಾಲಿತೇ? ಅವು ಹುಟ್ಟುವುದೇ ನಿಮ್ಮ ಕಣ್ಣಿನಲ್ಲಿ.

ಗೆರೆ ಬೇಕೇ ಬೇಕು ಅಂದರೆ ಹಾಕಿಕೊಳ್ಳಿ, ನನ್ನದೇನೂ ತಕರಾರಿಲ್ಲ. ಆದರೆ ಒಂದು ದೂರದರ್ಶಕದ ಒಂದು ಚಿತ್ರದಲ್ಲಿ ಎಲ್ಲ ಗೆರೆಗಳೂ ಒಂದೇ ದಿಕ್ಕಿಗಿರುತ್ತವೆ, ಪ್ರಖರ ನಕ್ಷತ್ರಗಳಲ್ಲಿ ಮಾತ್ರ ಎದ್ದು ಕಾಣುತ್ತವೆ. ಬ್ರಶ್ ಸಿಕ್ಕಿತು ಅಂತ ಒಂದನ್ನು ನೆಟ್ಟಗೆ, ಇನ್ನೊಂದನ್ನು ಓರೆಯಾಗಿ, ನೂರಾರು ಕಡೆ ಒತ್ತಿದರೆ ಅದು ಆಕಾಶ ಅಲ್ಲ, ಸೀರೆ ಅಂಗಡಿಯ ದೀಪಾವಳಿ ಬ್ಯಾನರ್.

ಬಣ್ಣ ಸ್ವಲ್ಪ ಸಾಕು. ಕೆಲವಕ್ಕೆ ತುಸು ನೀಲಿ, ಕೆಲವಕ್ಕೆ ಆರಿದ್ರಾ ನಕ್ಷತ್ರದಂತೆ ಕೆಂಪು. ಹಸಿರು ಬೇಡ.

ಯಾರೂ ಕೇಳಿಲ್ಲ, ಆದರೂ ಹೇಳಿಬಿಡುತ್ತೇನೆ. ಬಿದಿಗೆ ಚಂದ್ರನ ಪಿಎನ್‌ಜಿ (ಹಿನ್ನೆಲೆ ಇಲ್ಲದ ಚಿತ್ರ) ತಂದು ಮೇಲೆ ಇಡುತ್ತೀರಿ, ಅದರ ಟೊಳ್ಳಿನಲ್ಲಿ ನಕ್ಷತ್ರ ಮಿನುಗುತ್ತಿರುತ್ತದೆ. ಅದು ಟೊಳ್ಳಲ್ಲ, ಬಿಸಿಲು ಬೀಳದ ಚಂದ್ರ! ಅದರ ಮೂಲಕ ನಕ್ಷತ್ರ ಹೇಗೆ ಕಾಣಬೇಕು? ಪಿಎನ್‌ಜಿಯ ಕೆಳಗಿನ ಲೇಯರ್‌ನಲ್ಲಿ ಪೂರ್ತಿ ಕಪ್ಪು ವೃತ್ತ ಇಡಿ. ಇನ್ನು ಚಂದ್ರನ ನೆಲದ ಮೇಲೆ ಗಗನಯಾತ್ರಿ ನಿಂತ ಪೋಸ್ಟರ್ ಆದರೆ 1969ರ ಅಪೊಲೊ 11ರ ಫೋಟೋಗಳನ್ನು ಒಮ್ಮೆ ನೋಡಿ. ನೆಲದ ಮೇಲೆ ಉರಿ ಬಿಸಿಲು, ಅದಕ್ಕೆ ತಕ್ಕಂತೆ ಕ್ಯಾಮೆರಾ ಕ್ಷಣಮಾತ್ರ ತೆರೆದದ್ದು, ಮಂಕು ನಕ್ಷತ್ರ ದಾಖಲಾಗಲು ಸಮಯವೇ ಇಲ್ಲ. ಅಂಥ ಪೋಸ್ಟರ್‌ಗೆ ಮೇಲೆ ಹೇಳಿದ್ದು ಯಾವುದೂ ಬೇಡ. ಬಕೆಟ್ ಟೂಲ್ ತಗೊಂಡು ಆಕಾಶಕ್ಕೆ ಕಪ್ಪು ಸುರಿಯಿರಿ, ಮುಗೀತು.