ಕುಮಟಾಕ್ಕೆ ಘಟ್ಟ ಕಡಿದು ರಸ್ತೆ ಮಾಡಿದ್ದು ಯಾಕೆ?

ಪ್ರಶ್ನೆ: ಶಿರಸಿಯಿಂದ ದೇವಿಮನೆ ಘಟ್ಟ ಇಳಿದು ಕುಮಟಾಕ್ಕೆ ಹೋಗುವ ರಸ್ತೆ ಬ್ರಿಟಿಷರ ಕಾಲದ್ದು ಎನ್ನುತ್ತಾರೆ. ಹೇಳಿಕೊಳ್ಳುವಂಥ ಬಂದರೇ ಇಲ್ಲದ ಕುಮಟಾಕ್ಕೆ ಅವರು ಯಾಕೆ ಅಷ್ಟು ಕಷ್ಟಪಟ್ಟು ರಸ್ತೆ ಮಾಡಿದರು? ಇನ್ನೊಂದು, ಇದನ್ನು ರಾಜ್ಯ ಹೆದ್ದಾರಿ 69 ಎಂದು ಕೇಳಿದ್ದೆವು. ಈಗ 766ಇ ಎನ್ನುತ್ತಾರೆ. ಯಾವುದು ಸರಿ?

ಒಂದೇ ಮಾತಿನಲ್ಲಿ ಹೇಳುವುದಾದರೆ, ಹತ್ತಿಗಾಗಿ. ಶಿರಸಿಯ ಅಡಿಕೆಗಾಗಿ ಅಲ್ಲ, ಕಾನಿನ ಕಾಳುಮೆಣಸಿಗಾಗಿಯೂ ಅಲ್ಲ. ಯಾಣಕ್ಕೆ ಹೋಗುವ ಪ್ರವಾಸಿಗರ ಮಾತಂತೂ ತೀರಾ ಇತ್ತೀಚಿನದು. ಶಿರಸಿಯವರೂ ಕುಮಟಾದವರೂ ಬೆಳೆಯದ, ಇನ್ನೂರು ಕಿಲೋಮೀಟರ್ ಆಚೀಚೆಯ ಎರೆಮಣ್ಣಿನ ಹೊಲಗಳಲ್ಲಿ ಬಿಡಿಸಿದ ಹತ್ತಿ ಈ ಕಾಡನ್ನು ದಾಟಿ ಸಮುದ್ರ ಸೇರಬೇಕಿತ್ತು. ರಸ್ತೆ ಹುಟ್ಟಿದ್ದು ಅದಕ್ಕಾಗಿ.

ಮೊದಲು ದಾರಿಯನ್ನು ನೋಡೋಣ. ಕುಮಟಾದಿಂದ ಹೊರಟರೆ ಅಘನಾಶಿನಿ ಬಯಲಿನ ಗದ್ದೆ, ತೆಂಗಿನ ತೋಟಗಳ ನಡುವೆ ಕತಗಾಲದವರೆಗೆ ರಸ್ತೆ ಹೆಚ್ಚು ಕಡಿಮೆ ಸಮತಟ್ಟು. ಅಲ್ಲಿಂದ ಮುಂದೆ ಕಾಡು ಹತ್ತಿರವಾಗುತ್ತದೆ, ತಿರುವುಗಳು ಶುರುವಾಗುತ್ತವೆ. ಘಟ್ಟ ಹತ್ತಿ ದೇವಿಮನೆ ಮುಟ್ಟಿದರೆ ರಸ್ತೆ ಬದಿಯಲ್ಲೇ ದೇವಿಯ ಗುಡಿ. ಆಮೇಲೆ ರಾಗಿಹೊಸಳ್ಳಿ, ಬಂಡಲ, ಹನುಮಂತಿ, ಶಿರಸಿ. ಎಲ್ಲ ಸೇರಿ ಸುಮಾರು 60 ಕಿ.ಮೀ. ಶಿರಸಿಯಾಚೆ ಕಾಡು ತೆಳುವಾಗುತ್ತ ಹೋಗುತ್ತದೆ. ಮುಂಡಗೋಡ ದಾಟಿ ತಡಸಕ್ಕೆ ಬಂದರೆ ಪುಣೆ–ಬೆಂಗಳೂರು ಹೆದ್ದಾರಿ, ಅಲ್ಲಿಂದ ಹುಬ್ಬಳ್ಳಿ ಕೂಗಳತೆ. ಶಿರಸಿ–ಹುಬ್ಬಳ್ಳಿ ನಡುವೆ ನೂರು ಕಿಲೋಮೀಟರಿಗೆ ಚೂರು ಜಾಸ್ತಿ. ರಾಜ್ಯ ಹೆದ್ದಾರಿ 69 ಎಂದರೆ ಈ ಕುಮಟಾ–ತಡಸ ರಸ್ತೆಯೇ. ಅದರ ಎರಡು ತುದಿಗಳನ್ನು ನಕ್ಷೆಯಲ್ಲಿ ನೋಡಿದರೆ ಸಾಕು, ಒಂದು ತುದಿಯಲ್ಲಿ ಹತ್ತಿಯ ಸೀಮೆ, ಇನ್ನೊಂದರಲ್ಲಿ ಕಡಲು.

ಘಟ್ಟದಲ್ಲಿ ಕಾಲುದಾರಿಗಳು ಬ್ರಿಟಿಷರಿಗಿಂತ ಎಷ್ಟೋ ಹಳೆಯವು. ಗೇರುಸೊಪ್ಪೆಯ ಚೆನ್ನಭೈರಾದೇವಿಯ ಕಾಲಕ್ಕೆ, ಅಂದರೆ 16ನೇ ಶತಮಾನದಲ್ಲಿ, ಈ ಕರಾವಳಿಯಿಂದ ಪೋರ್ಚುಗೀಸರಿಗೆ ಮೆಣಸು ಹೋಗುತ್ತಿತ್ತು. ಅಘನಾಶಿನಿ ದಂಡೆಯ ಮಿರ್ಜಾನ ಕೋಟೆಯ ವೈಭವವೂ ಅದೇ ವ್ಯಾಪಾರದ್ದು. ಗೋಕರ್ಣದ ಪಕ್ಕದ ಸಾಣಿಕಟ್ಟಾದ ಉಪ್ಪು ಘಟ್ಟ ಹತ್ತಿ ಬಯಲುಸೀಮೆಗೆ ಹೋಗುತ್ತಿತ್ತು. ಆದರೆ ಅದೆಲ್ಲ ಹೇರೆತ್ತಿನ ಬೆನ್ನ ಮೇಲೆ ಮತ್ತು ತಲೆಹೊರೆಯಲ್ಲಿ. ಮೆಣಸಿಗೆ ಅದು ಸಾಕು, ಅದರ ತೂಕಕ್ಕೆ ಬೆಲೆ ಹೆಚ್ಚು. ಹತ್ತಿಯ ಲೆಕ್ಕ ಬೇರೆ. ಒಂದು ಅಂಡಿಗೆ, ಅಂದರೆ ಹತ್ತಿಯ ಮೂಟೆ, ಎಷ್ಟು ಜಾಗ ತಿನ್ನುತ್ತದೆ ಎಂಬುದು ಅದನ್ನು ಹೇರಿದವರಿಗೇ ಗೊತ್ತು. ಅದಕ್ಕೆ ಚಕ್ಕಡಿ ಬೇಕು. ಚಕ್ಕಡಿಗೆ ಅಗಲವಾದ, ಕಡಿದಲ್ಲದ ರಸ್ತೆ ಬೇಕು.

ಈ ‘ಕಡಿದಲ್ಲದ’ ಎನ್ನುವುದೇ ದೇವಿಮನೆಯ ತಿರುವುಗಳಿಗೆಲ್ಲ ಕಾರಣ. ಶಿರಸಿ ಸಮುದ್ರಮಟ್ಟದಿಂದ ಸುಮಾರು 600 ಮೀಟರ್ ಎತ್ತರದಲ್ಲಿದೆ. ಗುಡ್ಡದ ರಸ್ತೆಗಳಲ್ಲಿ ಸಾಮಾನ್ಯವಾಗಿ ನೂರು ಮೀಟರ್ ಹೋದರೆ ಐದು ಮೀಟರ್ ಏರಬಹುದು ಎಂಬುದು ಇವತ್ತಿನ ಎಂಜಿನಿಯರುಗಳ ಅಳತೆ. ಆ ಲೆಕ್ಕದಲ್ಲಿ 600 ಮೀಟರ್ ಏರಲು ಕನಿಷ್ಠ 12 ಕಿ.ಮೀ. ರಸ್ತೆ ಬೇಕು. ಕಾಲುದಾರಿ ನೇರ ಏರಿದರೆ ನಡೆದುಹೋಗುವವನಿಗೆ ಏದುಸಿರು ಬಂದೀತು, ಅಷ್ಟೆ. ಹತ್ತಿ ತುಂಬಿದ ಚಕ್ಕಡಿ ಇಳಿಯುವಾಗ ನೊಗದ ಮೇಲೆ ಬರುವ ಭಾರ ಎತ್ತಿನ ಕುತ್ತಿಗೆಯನ್ನೇ ಮುರಿಯುತ್ತದೆ. ಹೀಗಾಗಿ ಗುಡ್ಡದ ಮೈಯನ್ನು ಬಳಸಿ, ಹಳ್ಳ ಬಂದಲ್ಲಿ ಒಳಕ್ಕೆ ಬಾಗಿ, ದಿಬ್ಬ ಬಂದಲ್ಲಿ ಹೊರಕ್ಕೆ ಚಾಚಿ ರಸ್ತೆ ತೆಗೆದರು. ಇವತ್ತು ಬಸ್ಸಿನ ಹಿಂದಿನ ಸೀಟಿನಲ್ಲಿ ವಾಂತಿ ಮಾಡಿಕೊಳ್ಳುವವರು ಬೈಯಬೇಕಾದ್ದು ಎಂಜಿನಿಯರನ್ನಲ್ಲ, ಎತ್ತುಗಳನ್ನು.

ಸರಿ, ಹತ್ತಿ ಹೋಗಬೇಕಿತ್ತು. ಆದರೆ ಕುಮಟಾಕ್ಕೇ ಯಾಕೆ? ಅದನ್ನು ತಿಳಿಯಲು ಹುಬ್ಬಳ್ಳಿ, ಧಾರವಾಡ, ಗದಗ, ನವಲಗುಂದದ ಎರೆಹೊಲಕ್ಕೆ ಹೋಗಬೇಕು. ಅಲ್ಲಿಯ ಜವಾರಿ ಹತ್ತಿಯನ್ನು ಬಿತ್ತುವುದು ಮಳೆಗಾಲದ ಕೊನೆಯ ಭಾಗದಲ್ಲಿ, ಬಿಡಿಸುವುದು ಶಿವರಾತ್ರಿಯ ಆಸುಪಾಸಿನಿಂದ ಯುಗಾದಿಯಾಚೆಯವರೆಗೆ. ಕೊಳ್ಳುವವನು ಇರುವುದು ಮುಂಬೈಯಲ್ಲಿ, ಅವನಿಂದ ಕೊಳ್ಳುವವನು ಇಂಗ್ಲೆಂಡಿನ ಮ್ಯಾಂಚೆಸ್ಟರಿನಲ್ಲಿ. ರೈಲಿಲ್ಲದ ಕಾಲ. ಹುಬ್ಬಳ್ಳಿಯಿಂದ ಮುಂಬೈಗೆ ಚಕ್ಕಡಿ ಹೊಡೆದರೆ ಐನೂರು ಕಿಲೋಮೀಟರಿಗೂ ಹೆಚ್ಚು. ಕುಮಟಾಕ್ಕೆ ಹೊಡೆದರೆ ನೂರ ಅರವತ್ತರ ಸುಮಾರು. ದಿನಕ್ಕೆ 20 ಕಿ.ಮೀ. ಎಂದು ಹಿಡಿದರೂ ಎಂಟೊಂಬತ್ತು ದಿನದಲ್ಲಿ ಕಡಲು ಕಾಣುತ್ತದೆ. ಅಲ್ಲಿಂದ ಮುಂದೆ ಪತ್ತೇಮಾರಿ ಎಂಬ ಹಾಯಿದೋಣಿಗಳಲ್ಲಿ ಮುಂಬೈಗೆ.

ಕುಮಟಾದಲ್ಲಿ ದೊಡ್ಡ ಹಡಗು ದಡಕ್ಕೆ ಬಂದು ನಿಲ್ಲುವ ಆಳವಿರಲಿಲ್ಲ, ನಿಜ. ಆದರೆ ಪತ್ತೇಮಾರಿಗೆ, ಮಚವೆಗೆ ಅಂಥ ಆಳ ಬೇಕಿರಲಿಲ್ಲ. ಬೇಕಾದದ್ದು ಬೇಸಿಗೆಯ ಶಾಂತ ಸಮುದ್ರ. ಅಡಚಣೆ ಇದ್ದದ್ದು ಅಲ್ಲೇ. ಜೂನ್ ಬಂತೆಂದರೆ ಕಡಲು ಮುಚ್ಚುತ್ತದೆ, ಅದೇ ವಾರದಲ್ಲಿ ಘಟ್ಟದ ರಸ್ತೆಯೂ ಕೆಸರಾಗುತ್ತದೆ. ಹತ್ತಿ ಕೈಗೆ ಬಂದು ಮಳೆ ಹಿಡಿಯುವುದರೊಳಗೆ ಸಿಗುವುದು ಮೂರು ಚಿಲ್ಲರೆ ತಿಂಗಳು. ಅಷ್ಟರಲ್ಲಿ ಇಡೀ ಸೀಮೆಯ ಬೆಳೆ ಇಳಿಯಬೇಕು. ಉಳಿದರೆ ಮುಂದಿನ ಹಂಗಾಮಿನವರೆಗೆ ಗೋದಾಮಿನಲ್ಲಿ ಕೊಳೆಯಬೇಕು. ಏಪ್ರಿಲ್–ಮೇ ತಿಂಗಳಲ್ಲಿ ಈ ದಾರಿಯಲ್ಲಿ ಧೂಳು ಹೇಗಿದ್ದಿರಬೇಕು ಎಂದು ನೀವೇ ಊಹಿಸಿ. ಇಳಿಯುವಾಗ ಹತ್ತಿ, ಹತ್ತುವಾಗ ಉಪ್ಪು, ತೆಂಗಿನಕಾಯಿ, ಒಣಮೀನು. ಖಾಲಿ ಚಕ್ಕಡಿ ಹೊಡೆದುಕೊಂಡು ವಾಪಸು ಹೋಗುವ ದಡ್ಡತನ ಯಾರೂ ಮಾಡುತ್ತಿರಲಿಲ್ಲ.

ಹೀಗಾಗಿ ಮುಂಬೈ ಪೇಟೆಯಲ್ಲಿ ಧಾರವಾಡ ಸೀಮೆಯ ಜವಾರಿ ಹತ್ತಿಗೆ ಬಿದ್ದ ಹೆಸರು ‘ಕುಂಪ್ಟಾ’. ಒಂದು ಎಳೆ ಹತ್ತಿ ಬೆಳೆಯದ ಊರಿನ ಹೆಸರು ಒಂದು ಹತ್ತಿ ತಳಿಗೆ ಅಂಟಿಕೊಂಡಿತು. ಕೃಷಿ ಸಂಶೋಧಕರೂ 20ನೇ ಶತಮಾನದಲ್ಲಿ ಅದನ್ನು ಅದೇ ಹೆಸರಿನಿಂದ ಕರೆದರು. ಧಾರವಾಡದಲ್ಲಿ ಅದನ್ನು ತಿದ್ದಿ ಜಯವಂತದಂಥ ತಳಿಗಳನ್ನು ತಂದರು. 1840ರ ದಶಕದಲ್ಲಿ ಕಂಪನಿ ಸರ್ಕಾರ ಅಲ್ಲಿ ಅಮೆರಿಕದ ಬೀಜವನ್ನೂ ಬಿತ್ತಿಸಿತು, ಅದಕ್ಕೆ ‘ಧಾರವಾಡ–ಅಮೆರಿಕನ್’ ಎಂಬ ಹೆಸರು. ಜವಾರಿಯದೋ ಅಮೆರಿಕನ್ನಿನದೋ, ಹಂಗಾಮಿನ ಅಂಡಿಗೆಗಳು ಹಿಡಿಯುತ್ತಿದ್ದದ್ದು ಇದೇ ಘಟ್ಟದ ದಾರಿ.

ಇಲ್ಲಿಂದ ಕಥೆ ರಸ್ತೆಯದಷ್ಟೇ ಅಲ್ಲ, ಜಿಲ್ಲೆಯದೂ ಆಗುತ್ತದೆ. 1799ರಲ್ಲಿ ಟಿಪ್ಪು ಬಿದ್ದ ಮೇಲೆ ಇಡೀ ಕೆನರಾ ಬ್ರಿಟಿಷರ ಪಾಲಾಗಿ ಮದ್ರಾಸ್ ಪ್ರಾಂತ್ಯಕ್ಕೆ ಸೇರಿತ್ತು. ಹತ್ತಿ ಬೆಳೆಯುವ ಧಾರವಾಡ ಮಾತ್ರ ಮುಂಬೈ ಪ್ರಾಂತ್ಯದಲ್ಲಿ. ಅಂದರೆ ಬೆಳೆ ಒಂದು ಸರ್ಕಾರದ್ದು, ಅದು ಇಳಿಯುವ ಘಟ್ಟ ಮತ್ತು ದಡ ಇನ್ನೊಂದು ಸರ್ಕಾರದ್ದು. ಮುಂಬೈ ಹತ್ತಿಗಾಗಿ ಮದ್ರಾಸ್ ಯಾಕೆ ಖರ್ಚು ಮಾಡಬೇಕು? ರಸ್ತೆ, ಬಂದರುಗಳ ಕೆಲಸ ಕುಂಟುತ್ತಲೇ ಸಾಗಿತು. ಅಷ್ಟರಲ್ಲಿ ಅಮೆರಿಕದಲ್ಲಿ ಅಂತರ್ಯುದ್ಧದ ಸುಳಿವು ಹತ್ತಿ, ಮ್ಯಾಂಚೆಸ್ಟರಿನ ಗಿರಣಿ ಮಾಲೀಕರಿಗೆ ಗಾಬರಿಯಾಯಿತು. 1860ರಲ್ಲಿ ಅವರು ಮ್ಯಾಂಚೆಸ್ಟರ್ ಕಾಟನ್ ಕಂಪನಿ ಎಂಬುದನ್ನು ಕಟ್ಟಿದರು. ಕಾರವಾರ ಬಳಿಯ ಸದಾಶಿವಗಡದಲ್ಲಿ ಒಳ್ಳೆಯ ಆಳವಿದೆ, ಅಲ್ಲಿಗೇ ಹತ್ತಿ ಇಳಿಸಿ ನೇರ ಇಂಗ್ಲೆಂಡಿಗೆ ಸಾಗಿಸೋಣ ಎಂಬುದು ಅವರ ಲೆಕ್ಕ. ಹತ್ತಿ ಒತ್ತುವ ಯಂತ್ರಗಳು ಸಮುದ್ರ ದಾಟಿ ಬಂದವು. ನೋಡಿದರೆ ಧಾರವಾಡದಿಂದ ಅಲ್ಲಿಗೆ ರಸ್ತೆಯೇ ಆಗಿರಲಿಲ್ಲ.

ಮ್ಯಾಂಚೆಸ್ಟರಿನವರು ಲಂಡನ್ನಿನಲ್ಲಿ ಗದ್ದಲವೆಬ್ಬಿಸಿದರು. ಘಟ್ಟವೂ ದಡವೂ ಹತ್ತಿ ಬೆಳೆಯುವ ಸರ್ಕಾರದ ಕೈಗೇ ಬರಲಿ ಎಂಬ ಬೇಡಿಕೆ ಬಲವಾಯಿತು. 1862ರಲ್ಲಿ ಉತ್ತರ ಕೆನರಾವನ್ನು ಮದ್ರಾಸಿನಿಂದ ಬಿಡಿಸಿ ಮುಂಬೈ ಪ್ರಾಂತ್ಯಕ್ಕೆ ಕೊಟ್ಟರು. ಕುಂದಾಪುರ ಮಾತ್ರ ದಕ್ಷಿಣ ಕೆನರಾದ ಜೊತೆ ಮದ್ರಾಸಿನಲ್ಲೇ ಉಳಿಯಿತು. ಕಾರವಾರ ಜಿಲ್ಲಾಕೇಂದ್ರವಾಯಿತು. ಅದಾಗಿ 94 ವರ್ಷ, 1956ರಲ್ಲಿ ರಾಜ್ಯ ಒಂದಾಗುವವರೆಗೆ, ಕುಮಟಾದವರಿಗೆ ರಾಜಧಾನಿ ಮುಂಬೈ, ಉಡುಪಿಯವರಿಗೆ ಮದ್ರಾಸು. ಒಂದೇ ಕರಾವಳಿಯ ಎರಡು ತುಂಡುಗಳ ಶಾಲೆ, ಕಚೇರಿ, ವ್ಯಾಪಾರ ಬೇರೆ ಬೇರೆ ದಿಕ್ಕಿಗೆ ತಿರುಗಿದ್ದಕ್ಕೆ ಈ ಹತ್ತಿಯ ಜಗಳವೂ ಒಂದು ಮುಖ್ಯ ಕಾರಣ ಎಂಬುದು ನನಗೆ ಈ ರಸ್ತೆಗಿಂತ ದೊಡ್ಡ ಸಂಗತಿಯಾಗಿ ಕಾಣುತ್ತದೆ.

1861ರಿಂದ 1865ರವರೆಗೆ ಅಮೆರಿಕದಲ್ಲಿ ಯುದ್ಧ ನಡೆದಷ್ಟು ದಿನ ಹತ್ತಿಯ ಬೆಲೆ ಹುಚ್ಚೆದ್ದು ಏರಿತು. ಬೆಲೆ ಏರಿದರೆ ಕಲಬೆರಕೆಯೂ ಏರಬೇಕಲ್ಲ. ಅಂಡಿಗೆಯೊಳಗೆ ಬೀಜ, ಮಣ್ಣು ಸೇರಿಸುವುದು, ತೂಕ ಬರಲೆಂದು ನೀರು ಚಿಮುಕಿಸುವುದು ಎಷ್ಟು ಅತಿಯಾಯಿತೆಂದರೆ ಮುಂಬೈ ಸರ್ಕಾರ 1863ರಲ್ಲಿ ಹತ್ತಿ ಮೋಸದ ವಿರುದ್ಧವೇ ಒಂದು ಕಾಯ್ದೆ ತಂದಿತು. ಯುದ್ಧ ಮುಗಿಯಿತು, 1865ರಲ್ಲಿ ಬೆಲೆ ಕುಸಿದು ಮುಂಬೈಯ ಷೇರು ಪೇಟೆಯೂ ಮಕಾಡೆ ಬಿತ್ತು. ಆದರೂ ಕುಮಟಾದ ವ್ಯಾಪಾರ ಮುಂದಿನ ಎರಡು ದಶಕ ಉಸಿರಾಡುತ್ತಲೇ ಇತ್ತು.

ಅದರ ಉಸಿರು ಕಟ್ಟಿಸಿದ್ದು ರೈಲು. 1880ರ ದಶಕದಲ್ಲಿ ಸದರ್ನ್ ಮರಾಠಾ ರೈಲ್ವೆ ಹುಬ್ಬಳ್ಳಿ–ಧಾರವಾಡಕ್ಕೆ ಬಂತು. ದಶಕದ ಕೊನೆಯ ಹೊತ್ತಿಗೆ ಲೋಂಡಾ, ಕ್ಯಾಸಲ್‌ರಾಕ್ ಮೂಲಕ ಗೋವೆಯ ಮರ್ಮಗೋವಾ ಬಂದರಿನವರೆಗೆ ಹಳಿ ಕೂಡಿತು. ಧಾರವಾಡದ ಹತ್ತಿ ರೈಲು ಹತ್ತಿ ಪೋರ್ಚುಗೀಸರ ಬಂದರಿಗೋ, ಪುಣೆಯ ಕಡೆಯಿಂದ ಮುಂಬೈಗೋ ಹೋಯಿತು. ಮಳೆಗಾಲಕ್ಕೆ ಹೆದರಬೇಕಿಲ್ಲ, ಎತ್ತಿಗೆ ಮೇವು ಹೊರಬೇಕಿಲ್ಲ. ಕಾರವಾರಕ್ಕೆ ರೈಲು ತರುವ ಮಾತು ಆಗಲೇ ಇತ್ತು, ಗೋವೆಯ ಹಳಿ ಅದನ್ನೂ ಹಿಂದಕ್ಕೆ ತಳ್ಳಿತು. ಹುಬ್ಬಳ್ಳಿ–ಅಂಕೋಲಾ ಮಾರ್ಗಕ್ಕಾಗಿ ಈ ಜಿಲ್ಲೆಯವರು ಇವತ್ತಿಗೂ ಮನವಿ ಕೊಡುತ್ತಲೇ ಇದ್ದಾರೆ. ಕುಮಟಾ ರೈಲು ಕಂಡದ್ದು 1990ರ ದಶಕದಲ್ಲಿ ಕೊಂಕಣ ರೈಲ್ವೆ ಬಂದಾಗ. ಅದೂ ಕರಾವಳಿಯ ಉದ್ದಕ್ಕೆ ಹೋಗುವ ರೈಲು, ಘಟ್ಟ ಹತ್ತುವುದಲ್ಲ.

ಹತ್ತಿ ನಿಂತರೂ ರಸ್ತೆ ನಿಲ್ಲಲಿಲ್ಲ. ಘಟ್ಟದ ಮೇಲಿನವರಿಗೆ ಉಪ್ಪು, ಮೀನು, ತೆಂಗು ಬೇಕಿತ್ತು. ಕೆಳಗಿನವರಿಗೆ ಅಕ್ಕಿ, ಬೆಲ್ಲ, ಮೆಣಸಿನಕಾಯಿ. ಶಿರಸಿಯ ಅಡಿಕೆ ವ್ಯಾಪಾರ ಬೆಳೆಯಿತು. ಎರಡು ವರ್ಷಕ್ಕೊಮ್ಮೆ ಬರುವ ಮಾರಿಕಾಂಬಾ ಜಾತ್ರೆಗೆ ಘಟ್ಟದ ಕೆಳಗಿನವರೂ ಬಸ್ಸು ತುಂಬಿ ಬರುತ್ತಾರೆ. ಕುಮಟಾ, ಹೊನ್ನಾವರದವರಿಗೆ ಹುಬ್ಬಳ್ಳಿಯ ಆಸ್ಪತ್ರೆ, ಪೇಟೆಗೆ ಹೋಗಲು ಇದೇ ಹತ್ತಿರದ ದಾರಿ.

ಈಗ ನಂಬರಿನ ವಿಷಯ. ರಸ್ತೆಗಳನ್ನು ರಾಷ್ಟ್ರೀಯ, ರಾಜ್ಯ, ಜಿಲ್ಲಾ, ಗ್ರಾಮ ರಸ್ತೆ ಎಂದು ದರ್ಜೆವಾರು ಬೇರ್ಪಡಿಸುವ ಪದ್ಧತಿ 1943ರ ನಾಗಪುರ ಯೋಜನೆಯದು. ಅದರ ಪ್ರಕಾರ ಕುಮಟಾ–ತಡಸ ರಾಜ್ಯದ ಲೋಕೋಪಯೋಗಿ ಇಲಾಖೆಯ ಕೈಯಲ್ಲಿ ಬಹುಕಾಲ ರಾಜ್ಯ ಹೆದ್ದಾರಿಯಾಗಿತ್ತು, ನಂಬರ್ 69. ನಂತರ ಕುಮಟಾ–ಶಿರಸಿ ಭಾಗವನ್ನು ರಾಷ್ಟ್ರೀಯ ಹೆದ್ದಾರಿಯಾಗಿ ಮೇಲ್ದರ್ಜೆಗೇರಿಸಿದರು. ಆ ಹೆದ್ದಾರಿ ಶಿರಸಿಯಿಂದ ತಡಸಕ್ಕೆ ಹೋಗದೆ ಹಾವೇರಿ ಕಡೆ ತಿರುಗುತ್ತದೆ. ಅದಕ್ಕೆ ಕೊಟ್ಟ ನಂಬರ್ 766ಇ. ಹಾಗಾಗಿ ನೀವು ಕೇಳಿದ್ದೂ ಸರಿ, ಈಗ ಹೇಳುವುದೂ ಸರಿ. ಕಾಲ ಬೇರೆ, ಅಷ್ಟೆ.

766 ಎಂದರೆ ಬಂಡೀಪುರದ ರಾತ್ರಿ ಸಂಚಾರ ನಿಷೇಧದ ರಸ್ತೆಯಲ್ಲವೇ ಎಂದು ಕೆಲವರಿಗೆ ಗೊಂದಲವಾಗುತ್ತದೆ. ಅದು ಕೋಯಿಕ್ಕೋಡಿನಿಂದ ಮೈಸೂರಿನ ಮೂಲಕ ಕೊಳ್ಳೇಗಾಲಕ್ಕೆ ಹೋಗುವ ಬೇರೆಯೇ ರಸ್ತೆ. 2010ರ ಹೊಸ ಪದ್ಧತಿಯಲ್ಲಿ ಉತ್ತರ–ದಕ್ಷಿಣ ಹೆದ್ದಾರಿಗಳಿಗೆ ಸಮಸಂಖ್ಯೆ. ಪಶ್ಚಿಮ ಕರಾವಳಿಯ ಹಳೆಯ 17 ಆಗ 66 ಆಯಿತು. ಅದರಿಂದ ಒಡೆಯುವ ಕವಲುಗಳಿಗೆ 66ರ ಹಿಂದೆ ಒಂದು ಅಂಕಿ ಸೇರುತ್ತದೆ, 166, 266 ಎಂಬಂತೆ. ಅಂಕಿ ಸಾಲದಾದಾಗ ಕೊನೆಗೊಂದು ಅಕ್ಷರ. ಬೈಂದೂರಿನಿಂದ ಕೊಲ್ಲೂರು, ಹೊಸನಗರದ ಮೂಲಕ ರಾಣೆಬೆನ್ನೂರಿಗೆ ಹೋಗುವುದು 766ಸಿ, ಕುಮಟಾದ್ದು 766ಇ. ಎಲ್ಲವೂ ಕರಾವಳಿ ಹೆದ್ದಾರಿಯಿಂದ ಒಳನಾಡಿಗೆ ಹತ್ತುವ ಕವಲುಗಳೇ.

ದರ್ಜೆ ಏರಿದ ಮೇಲೆ ಅಗಲೀಕರಣ ಬಂತು. ಎತ್ತಿನ ಅಳತೆಗೆ ಕಡಿದ ತಿರುವುಗಳನ್ನು ಲಾರಿಯ ಅಳತೆಗೆ ಹಿಗ್ಗಿಸಬೇಕೆಂದರೆ ಗುಡ್ಡದ ಬುಡವನ್ನು ಮತ್ತೆ ಕತ್ತರಿಸಬೇಕು, ಮರ ಕಡಿಯಬೇಕು. ಘಟ್ಟದ ಕೆಂಪುಮಣ್ಣು ಜೂನ್–ಜುಲೈನ ಮಳೆಯಲ್ಲಿ ನೀರು ಕುಡಿದು ಭಾರವಾಗಿ ಜಾರುತ್ತದೆ. 2024ರ ಜುಲೈ 16ರಂದು ಪಕ್ಕದ ಅಂಕೋಲಾ ತಾಲ್ಲೂಕಿನ ಶಿರೂರಿನಲ್ಲಿ ಹೆದ್ದಾರಿ 66ರ ಮೇಲೆ ಗುಡ್ಡ ಕುಸಿದ ಮೇಲೆ, ಕಡಿದ ಗುಡ್ಡವನ್ನು ಕಂಡರೆ ಇಲ್ಲಿಯವರಿಗೆ ಅಳುಕು. ರಸ್ತೆ ಅಗಲವಾಗುವುದು ಬೇಡವೆಂದು ನಾನು ಹೇಳಲಾರೆ, ಆಂಬುಲೆನ್ಸು ಇಳಿಯುವುದೂ ಇದರಲ್ಲೇ. ಆದರೆ ಕತ್ತರಿಸಿದ ಇಳಿಜಾರಿಗೆ ತಡೆಗೋಡೆ, ನೀರು ಹೋಗಲು ಸರಿಯಾದ ಗಟಾರ ಆಗದೆ ಬರೀ ಡಾಂಬರು ಹಾಕಿದರೆ ಕೆಲಸ ಅರ್ಧ ಮಾತ್ರ ಆದಂತೆ.

ಮಳೆಗಾಲದಲ್ಲಿ ಈ ದಾರಿಯಲ್ಲಿ ಹೊರಡುವವರು ಘಟ್ಟವನ್ನಷ್ಟೇ ಅಲ್ಲ, ಕತಗಾಲವನ್ನೂ ವಿಚಾರಿಸಿಕೊಳ್ಳಿ. ಅಲ್ಲಿ ಚಂಡಿಕಾ ಹೊಳೆ ಉಕ್ಕಿದರೆ ನೀರು ರಸ್ತೆ ಮೇಲೆಯೇ ಹರಿಯುತ್ತದೆ, ಮೇಲೆ ಘಟ್ಟ ಸರಿಯಿದ್ದರೂ ಬಸ್ಸು ನಿಲ್ಲುತ್ತದೆ. ಅಂಥ ದಿನ ಹೊನ್ನಾವರದಿಂದ ಗೇರುಸೊಪ್ಪೆ ಮೇಲೆ ಹತ್ತುವುದೋ, ಅಂಕೋಲಾದಿಂದ ಅರಬೈಲ್ ಘಟ್ಟ ಹಿಡಿಯುವುದೋ ಎಂದು ಹೊರಡುವ ಮೊದಲೇ ಬಸ್ ನಿಲ್ದಾಣದಲ್ಲಿ ಕೇಳಿಕೊಳ್ಳುವುದು ಒಳ್ಳೆಯದು.