ಡ್ರೋನ್‌ನಲ್ಲಿ ಔಷಧಿ ಹೊಡೆಸಬಹುದೇ?

ಪ್ರಶ್ನೆ: ನಮ್ಮೂರಿಗೆ ಬಾಡಿಗೆ ಡ್ರೋನ್ ಬಂದಿದೆ. ಹತ್ತೇ ನಿಮಿಷದಲ್ಲಿ ಒಂದು ಎಕರೆಗೆ ಔಷಧಿ ಹೊಡೆದು ಮುಗಿಸುತ್ತಾರೆ. ಅಷ್ಟು ಭಾರದ್ದು ಮೇಲಿಂದ ಬಿದ್ದರೆ ಏನು ಗತಿ ಎಂದು ಮನೆಯವರು ಹೆದರುತ್ತಿದ್ದಾರೆ. ಹೊಡೆಸಬಹುದೇ?

ಉತ್ತರ: ಹೊಡೆಸಬಹುದು. ಆದರೆ ಡ್ರೋನ್ ಬಿದ್ದೀತೆಂಬ ಭಯಕ್ಕಿಂತ, ಅದು ಉದುರಿಸುವ ಹನಿ ಎಲ್ಲಿ ಹೋಗಿ ಕೂರುತ್ತದೆ ಎಂಬ ಭಯ ನನಗೆ ದೊಡ್ಡದು.

ಲಾಭವೇನೆಂದು ತಿಳಿಯಲು ಮಹಾರಾಷ್ಟ್ರದ ಯವತ್ಮಾಳವನ್ನು ನೆನೆಯಬೇಕು. 2017ರಲ್ಲಿ ಅಲ್ಲಿ ಹತ್ತಿಗೆ ಕೀಟನಾಶಕ ಹೊಡೆಯುತ್ತಿದ್ದವರಲ್ಲಿ 20ಕ್ಕೂ ಹೆಚ್ಚು ಮಂದಿ ವಿಷವೇರಿ ಸತ್ತರು, ನೂರಾರು ಜನ ಆಸ್ಪತ್ರೆ ಸೇರಿದರು. ಆ ವರ್ಷ ಗಿಡಗಳು ಆಳೆತ್ತರ ಬೆಳೆದಿದ್ದವು. ಬೆನ್ನಿಗೆ ಪಂಪು ಕಟ್ಟಿಕೊಂಡು ಸಾಲಿನೊಳಗೆ ನುಗ್ಗಿದವರ ಮುಖದ ಮೇಲೆಯೇ ಔಷಧಿ ಮಂಜಿನಂತೆ ಇಳಿಯುತ್ತಿತ್ತು. ನಮ್ಮ ಕಲಬುರಗಿಯ ತೊಗರಿ ಹೊಲದಲ್ಲಿಯೂ ಹೂವಿನ ಹೊತ್ತಿಗೆ ಗಿಡ ಎದೆಮಟ್ಟ ಮೀರಿರುತ್ತದೆ, ಕಾಯಿಕೊರಕಕ್ಕೆ ಹೊಡೆಯಬೇಕಾದದ್ದೂ ಆಗಲೇ. ಅಂಥ ಹೊಲಕ್ಕೆ ಕೂಲಿಯವರನ್ನು ಇಳಿಸದೆ, ಬದುವಿನಾಚೆ ನಿಂತು ಕೆಲಸ ಮುಗಿಸಬಹುದೆಂದರೆ ಅದು ಸಣ್ಣ ಮಾತಲ್ಲ. ಡ್ರೋನ್ ಪರವಾಗಿ ನಾನು ವಾದಿಸುವುದು ಮುಖ್ಯವಾಗಿ ಈ ಕಾರಣಕ್ಕೆ. ಸಮಯದ ಉಳಿತಾಯ ಆಮೇಲಿನ ಮಾತು.

ಇನ್ನು ಹನಿಯ ವಿಚಾರ. ಬೆನ್ನುಪಂಪಿನಲ್ಲಿ ಎಕರೆಗೆ ನೂರೈವತ್ತು, ಇನ್ನೂರು ಲೀಟರ್ ನೀರು ಖರ್ಚಾಗುತ್ತದೆ. ಡ್ರೋನಿನಲ್ಲಿ ಸುಮಾರು ಹತ್ತು ಲೀಟರ್ ಸಾಕು. ಔಷಧಿಯ ಅಳತೆ ಮಾತ್ರ ಹೆಚ್ಚುಕಡಿಮೆ ಅಷ್ಟೇ. ಹಾಗಾಗಿ ಪ್ರತಿ ಹನಿಯೂ ಹತ್ತಾರು ಪಟ್ಟು ಖಾರವಾಗಿರುತ್ತದೆ. ಇಷ್ಟು ಕಡಿಮೆ ನೀರು ಇಡೀ ಎಕರೆಗೆ ಹರಡಬೇಕಾದ್ದರಿಂದ ಹನಿ ಸಣ್ಣದಾಗಿರಬೇಕು. ಸಣ್ಣ ಹನಿಯನ್ನು ಗಾಳಿ ಸುಲಭವಾಗಿ ಹೊತ್ತೊಯ್ಯುತ್ತದೆ. ಬೆಳೆಯ ಮೇಲೆ ಎರಡು ಮೂರು ಮೀಟರ್ ಎತ್ತರದಲ್ಲಿ ಹಾರಿದರೆ ರೆಕ್ಕೆಯ ಗಾಳಿಯೇ ಹನಿಯನ್ನು ಎಲೆಯತ್ತ ಒತ್ತುತ್ತದೆ. ಬೇಗ ಮುಗಿಸುವ ಆತುರದಲ್ಲಿ ಎತ್ತರಕ್ಕೇರಿಸಿದರೆ ಅದು ಪಕ್ಕದ ಹೊಲದ ಪಾಲು.

ಆ ಪಕ್ಕದ ಹೊಲದಲ್ಲಿ ಹಿಪ್ಪುನೇರಳೆ ಇದೆ ಎಂದುಕೊಳ್ಳಿ. ಕೋಲಾರ, ಚಿಕ್ಕಬಳ್ಳಾಪುರ, ರಾಮನಗರದ ಕಡೆ ಇದು ದಿನನಿತ್ಯದ ಮಾತು. ಔಷಧಿ ತಾಗಿದ ಸೊಪ್ಪು ತಿಂದ ರೇಷ್ಮೆಹುಳು ತಲೆಯೆತ್ತಿ ಒದ್ದಾಡುತ್ತದೆ, ಹಸಿರು ರಸ ಕಾರುತ್ತದೆ, ಮೈ ಕುಗ್ಗಿ ತಟ್ಟೆಯಲ್ಲೇ ಸಾಯುತ್ತದೆ. ಗೂಡು ಕಟ್ಟಲು ನಾಲ್ಕು ದಿನ ಉಳಿದಿದ್ದಾಗ ಹೀಗಾದರೆ ಆ ಮನೆಯ ಒಂದು ಬೆಳೆಯೇ ಹೋಯಿತು. ಜೇನಿಗೂ ಇದೇ ಅಪಾಯ. ಸೂರ್ಯಕಾಂತಿ, ತೊಗರಿ ಹೂ ಬಿಟ್ಟಾಗ ಹೊಡೆಸಲೇಬೇಕೆಂದರೆ ಜೇನು ಗೂಡಿಗೆ ಮರಳಿದ ಮೇಲೆ, ಸಂಜೆ ಹೊಡೆಸಿ.

ಮೇಲಿನಿಂದ ಸಿಂಪಡಿಸಿದ್ದರ ನೋವು ನಮಗೆ ಹೊಸದಲ್ಲ. ಕಾಸರಗೋಡು, ದಕ್ಷಿಣ ಕನ್ನಡದ ಗೇರು ತೋಟಗಳ ಮೇಲೆ ಹೆಲಿಕಾಪ್ಟರ್‌ನಿಂದ ಎಂಡೋಸಲ್ಫಾನ್ ಸುರಿದದ್ದನ್ನು ಆ ಊರುಗಳು ಇಂದಿಗೂ ಅನುಭವಿಸುತ್ತಿವೆ. ಸುಪ್ರೀಂ ಕೋರ್ಟ್ ಅದನ್ನು ನಿಷೇಧಿಸಿದ್ದು 2011ರಲ್ಲಿ. ಡ್ರೋನ್ ಹಾರುವ ಎತ್ತರ ಬೇರೆ, ಅಳತೆ ಬೇರೆ, ನಿಜ. ಆದರೂ ಬಾವಿ, ಅಂಗನವಾಡಿ, ದನದ ಕೊಟ್ಟಿಗೆಗೆ ಅಂಟಿದ ಹೊಲವಾದರೆ ಬೇಡ ಎಂದೇ ನನ್ನ ಸಲಹೆ.

ಬೀಳುವ ಭಯವೂ ಸುಳ್ಳಲ್ಲ. ತೊಟ್ಟಿ ತುಂಬಿದ ಡ್ರೋನ್ 25 ಕಿಲೋ ಸನಿಹ ತೂಗುತ್ತದೆ, ಅದರ ರೆಕ್ಕೆ ಬೆರಳನ್ನು ಕತ್ತರಿಸಬಲ್ಲದು. ಹೆಚ್ಚಿನ ಅಪಾಯ ವಿದ್ಯುತ್ ತಂತಿಯಿಂದ. ತೆಳುವಾದ ತಂತಿ ಡ್ರೋನಿನ ಸಂವೇದಕಕ್ಕೆ ಕಾಣದೇ ಹೋಗಬಹುದು, ಆದ್ದರಿಂದ ಹಾರಿಸುವವರ ಜೊತೆ ಮೊದಲು ಹೊಲ ಸುತ್ತಿ ಕಂಬ, ತಂತಿಗಳನ್ನು ತೋರಿಸಿ. ಮಕ್ಕಳು ನೋಡಲು ಓಡಿಬರುತ್ತಾರೆ, ಅವರನ್ನು ತಡೆಯಲು ಒಬ್ಬರನ್ನು ನಿಲ್ಲಿಸಿ.

2021ರ ಡ್ರೋನ್ ನಿಯಮಗಳ ಪ್ರಕಾರ ಇಷ್ಟು ತೂಕದ ಡ್ರೋನಿಗೆ ನೋಂದಣಿ ಸಂಖ್ಯೆ, ಹಾರಿಸುವವರಿಗೆ ಪೈಲಟ್ ಪ್ರಮಾಣಪತ್ರ, ಮೂರನೆಯವರಿಗೆ ಆಗುವ ಹಾನಿಗೆ ವಿಮೆ ಬೇಕು. ಮೂರನ್ನೂ ಕೇಳಿ ನೋಡಿ. ತೋರಿಸಲು ಹಿಂಜರಿದರೆ ಬಾಡಿಗೆ ಎಷ್ಟೇ ಕಡಿಮೆ ಇದ್ದರೂ ಕಳುಹಿಸಿಬಿಡಿ. ವಿಮಾನ ನಿಲ್ದಾಣದ ಹತ್ತಿರದ ಊರಾದರೆ ಸರ್ಕಾರದ ಡಿಜಿಟಲ್ ಸ್ಕೈ ಜಾಲತಾಣದ ನಕ್ಷೆಯಲ್ಲಿ ನಿಮ್ಮ ಹೊಲ, ಹಾರಿಸಲು ಮುಂಚಿತ ಅನುಮತಿ ಬೇಡದ ಹಸಿರು ವಲಯದಲ್ಲಿದೆಯೇ ಎಂದೂ ನೋಡಿಸಿ.

ಅಡಿಕೆ ತೋಟದವರಿಗೆ ಒಂದು ಮಾತು. ಗೊನೆ ಇರುವುದು ಸೋಗೆಯ ಕೆಳಗೆ. ಕೊಳೆರೋಗಕ್ಕೆಂದು ಮೇಲಿಂದ ಹೊಡೆದ ಬೋರ್ಡೋ ದ್ರಾವಣ (ಮೈಲುತುತ್ತ, ಸುಣ್ಣ ಬೆರೆಸಿದ ಔಷಧಿ) ಗೊನೆಯ ಸುತ್ತ ಕೂರುವುದು ಕಷ್ಟ. ಮರ ಹತ್ತುವವರು ಸಿಗದ ಸಂಕಟ ನನಗೂ ಗೊತ್ತು, ಆದರೆ ನಾಲ್ಕು ಮರಕ್ಕೆ ಹೊಡೆಸಿ ಗೊನೆ ನೋಡದೆ ಇಡೀ ತೋಟ ಒಪ್ಪಿಸಬೇಡಿ.

ಹೊಲಕ್ಕೂ ಇಂಥದೇ ಪರೀಕ್ಷೆ ಮಾಡಬಹುದು. ಮೊದಲ ಸಲ ತೊಟ್ಟಿಗೆ ಬರೀ ನೀರು ತುಂಬಿಸಿ, ಬಿಳಿ ಬಟ್ಟೆಗೆ ಹಾಕುವ ನೀಲಿಯನ್ನು ಅದಕ್ಕೆ ಬೆರೆಸಿ. ಪಕ್ಕದ ಹೊಲದವರನ್ನೂ ಕರೆದು, ಬದುವಿನಿಂದಾಚೆ ಐದು ಹೆಜ್ಜೆಗೊಂದು ಬಿಳಿ ಹಾಳೆ ಹರಡಿ ಕಲ್ಲಿಡಿ. ಒಂದು ಸುತ್ತು ಹಾರಿಸಿ. ಯಾವ ಹಾಳೆಯವರೆಗೆ ನೀಲಿ ಚುಕ್ಕೆ ಬಿದ್ದಿದೆ ಎಂದು ಇಬ್ಬರೂ ಬಗ್ಗಿ ನೋಡಿ, ಆಮೇಲೆ ಔಷಧಿಯ ಡಬ್ಬಿ ತೆರೆಯಿರಿ.