ಅದೇ ಮ್ಯಾಂಟಲ್, ಅದೇ ವರ್ಷ, ಕಾರ್ಡ್ ದೊಡ್ಡದು, ರೇಟ್ ಮಾತ್ರ ಕಮ್ಮಿ ಯಾಕೆ?

ಓದುಗರ ಪ್ರಶ್ನೆ: ನಾವು ನ್ಯೂಜೆರ್ಸಿಲಿರೋದು, ಮಗನ್ನ ಬೇಸ್‌ಬಾಲ್ ಕಾರ್ಡ್ (ಆಟಗಾರರ ಫೋಟೋ ಇರೋ ಕಾರ್ಡು) ಮಾರೋ ಶೋಗೆ ಕರ್ಕೊಂಡು ಹೋಗಿ ಹೋಗಿ ಈಗ ನನಗೇ ಹುಚ್ಚು ಹತ್ಕೊಂಡಿದೆ. ಸ್ಟಾರ್ ಆಟಗಾರ ಮಿಕ್ಕಿ ಮ್ಯಾಂಟಲ್‌ದು 1964ರ ಮಾಮೂಲಿ ಕಾರ್ಡ್ ಕೈಗೆ ಎಟುಕಲ್ಲ, ಆದ್ರೆ ಅದೇ ವರ್ಷದ ದೊಡ್ಡ ಸೈಜಿನ ಮ್ಯಾಂಟಲ್ ಕಾರ್ಡ್ ಅದಕ್ಕಿಂತ ಎಷ್ಟೋ ಕಮ್ಮಿಗೆ ಸಿಗ್ತಿದೆ. ಇದರಲ್ಲೇನಾದ್ರೂ ಮೋಸ ಇದ್ಯಾ?

ಉತ್ತರ: ಮೋಸ ಅಂತೇನಿಲ್ಲ, ನೀವು ನೋಡಿರೋದು ಬಹುಶಃ ಟಾಪ್ಸ್ ಜೈಂಟ್ಸ್ ಸೆಟ್ಟಿನ ಕಾರ್ಡು. ಕಾರ್ಡ್ ಮಾಡೋ ಟಾಪ್ಸ್ ಕಂಪನಿ 1964ರಲ್ಲಿ ತನ್ನ ಮಾಮೂಲಿ ಸೆಟ್ ಬಿಟ್ಟು ಬೇರೆಯಾಗೇ ತಂದಿದ್ದು, ಒಟ್ಟು 60 ಕಾರ್ಡ್, ಒಂದೊಂದೂ 3⅛ × 5¼ ಇಂಚು, ಹೆಚ್ಚುಕಮ್ಮಿ ಪೋಸ್ಟ್‌ಕಾರ್ಡ್ ಅಷ್ಟಿರತ್ತೆ. ಮುಂದೆ ದೊಡ್ಡ ಕಲರ್ ಫೋಟೋ, ಹಿಂದೆ ನ್ಯೂಸ್‌ಪೇಪರ್ ತರ ಹೆಡ್‌ಲೈನ್ ಹಾಕಿ ಆಟಗಾರನ ಕಥೆ. ನನ್ನ ಕೇಳಿದ್ರೆ ಆ ವರ್ಷದ ಮಾಮೂಲಿ ಕಾರ್ಡಿಗಿಂತ ಇದೇ ಚೆಂದ, ಆದ್ರೆ ಮಾರ್ಕೆಟ್ ಚೆಂದ ನೋಡಿ ರೇಟ್ ಕಟ್ಟಲ್ವಲ್ಲ.

ಕಲೆಕ್ಟ್ ಮಾಡೋರು ಮೊದಲು ಮೇನ್ ಸೆಟ್ ಪೂರ್ತಿ ಮಾಡ್ಬೇಕು ಅಂತ ಹೊರಡ್ತಾರೆ, ಜೈಂಟ್ಸ್ ತರದ್ದೆಲ್ಲ ಸೈಡಿಗೆ ಬಿದ್ದಿರೋ ಸೆಟ್ಟು, ದುಡ್ಡು ಉಳಿದ್ರೆ ನೋಡೋಣ ಅನ್ನೋ ಲೆಕ್ಕ. ಅದರ ಮೇಲೆ ಈ ಕಾರ್ಡು ಈಗಲೂ ಒಳ್ಳೇ ಕಂಡೀಶನ್‌ನಲ್ಲೇ ಬೇಕಾದಷ್ಟು ಸಿಗತ್ತೆ. ಇನ್ನೊಂದು ಕಾರಣ ಕೇಳಿದ್ರೆ ನಗು ಬರತ್ತೆ, ಇದು ಎಲ್ಲೂ ಹಿಡಿಸಲ್ಲ! ಆಲ್ಬಮ್ಮು, ಡಬ್ಬ, ಪ್ಲಾಸ್ಟಿಕ್ ಕವರು ಎಲ್ಲಾನೂ 2½ × 3½ ಇಂಚಿನ ಕಾರ್ಡಿಗೆ ಅಂತಲೇ ಮಾಡಿರೋದು, ಇದೊಂದನ್ನ ಎಲ್ಲಿಡೋದು ಅಂತ ಯೋಚನೆ ಮಾಡೇ ಎಷ್ಟೋ ಜನ ಕೈ ಬಿಡ್ತಾರೆ.

ಆ 2½ × 3½ ಎಲ್ಲಿಂದ ಬಂತು ಅನ್ನೋದೇ ಒಳ್ಳೇ ಕಥೆ. 1950ರ ಆಸುಪಾಸಲ್ಲಿ ಬಬಲ್ ಗಮ್ ಜೊತೆ ಕಾರ್ಡ್ ಕೊಡೋದ್ರಲ್ಲಿ ಬೌಮನ್ ಕಂಪನಿದೇ ಹವಾ, ಅವರ 1951ರ ಕಾರ್ಡ್ ಅಗಲ ಎರಡು ಇಂಚಿಗೆ ಚೂರು ಜಾಸ್ತಿ, ಉದ್ದ 3⅛ ಇಂಚು ಅಷ್ಟೇ. ಅವರನ್ನ ಹೊಡೀಬೇಕು ಅಂತ ಬ್ರೂಕ್ಲಿನ್‌ನ ಟಾಪ್ಸ್ 1952ರಲ್ಲಿ 2⅝ × 3¾ ಇಂಚಿನ ಕಾರ್ಡ್ ಬಿಡ್ತು, 407 ಕಾರ್ಡಿನ ಭರ್ಜರಿ ಸೆಟ್ಟು, ಅದರ ಹಿಂದಿದ್ದ ತಲೆ ಟಾಪ್ಸಲ್ಲೇ ಕೆಲಸ ಮಾಡ್ತಿದ್ದ ಸೈ ಬರ್ಗರ್ ಅವರದ್ದು. ಅಂಗಡಿಗೆ ಬಂದ ಹುಡುಗರ ಕಣ್ಣು ದೊಡ್ಡದರ ಮೇಲೇ ಹೋಗತ್ತಲ್ವಾ, ಬೌಮನ್ ಕೂಡ 1953ರಲ್ಲಿ ಸೈಜ್ ಹಿಗ್ಗಿಸ್ತು, ಆದ್ರೂ ತಡ್ಕೊಳೋಕಾಗ್ಲಿಲ್ಲ, 1956ರಲ್ಲಿ ಟಾಪ್ಸ್ ಬೌಮನ್‌ನ ಕೊಂಡ್ಕೊಂಡೇ ಬಿಡ್ತು. ಎದುರಾಳಿ ಹೋದ್ಮೇಲೆ ದೊಡ್ಡ ಕಾರ್ಡ್ ಯಾರಿಗೆ ಬೇಕು? 1957ರಲ್ಲಿ ಟಾಪ್ಸ್ ತನ್ನ ಕಾರ್ಡನ್ನ 2½ × 3½ಗೆ ಇಳಿಸ್ತು, ಇವತ್ತಿಗೂ ಅದೇ ಸೈಜು.

ಹಾಗಂತ ದೊಡ್ಡದೆಲ್ಲಾ ಅಗ್ಗ ಅಂದ್ಕೊಂಡ್ರೆ ಕೈ ಸುಟ್ಕೋತೀರ. ಆ 1952ರ ಸೆಟ್ಟಿನ 311ನೇ ನಂಬರಿನ ಮ್ಯಾಂಟಲ್ ಕಾರ್ಡ್ 2022ರ ಆಗಸ್ಟಲ್ಲಿ 1 ಕೋಟಿ 26 ಲಕ್ಷ ಡಾಲರಿಗೆ ಹರಾಜಾಯ್ತು. ಸೆಟ್ಟನ್ನ ಕಂತು ಕಂತಾಗಿ ಬಿಡ್ತಿದ್ರು, ಅದು ಇದ್ದಿದ್ದು ಬೇಸ್‌ಬಾಲ್ ಸೀಸನ್ ಮುಗಿಯೋ ಹೊತ್ತಿಗೆ ಬಂದ ಕೊನೇ ಕಂತಲ್ಲಿ, ಆಗ ಅದನ್ನ ಕೇಳೋರೇ ಇರ್ಲಿಲ್ಲ, ಉಳಿದಿದ್ದ ಡಬ್ಬಗಳನ್ನ 1960ರಲ್ಲಿ ಅಟ್ಲಾಂಟಿಕ್ ಸಮುದ್ರಕ್ಕೆ ಸುರಿಸಿದ್ವಿ ಅಂತ ಬರ್ಗರ್ ಅವರೇ ಹೇಳ್ಕೊಂಡಿದ್ದಾರೆ. ಇನ್ನೂ ಹಿಂದಕ್ಕೆ ಹೋದ್ರೆ 1910-11ರಲ್ಲಿ ಟರ್ಕಿ ರೆಡ್ ಅನ್ನೋ ಸಿಗರೇಟಿನವರು ಕೊಟ್ಟ ಕ್ಯಾಬಿನೆಟ್ ಕಾರ್ಡ್ (ದೊಡ್ಡ ಸೈಜಿನ ಚಿತ್ರದ ಕಾರ್ಡು), ಕಲೆಕ್ಟ್ ಮಾಡೋರು ಟಿ3 ಅಂತಾರೆ, 5¾ × 8 ಇಂಚು. ಅದು ಸಿಗರೇಟ್ ಪ್ಯಾಕ್ ಒಳಗೆ ಬರ್ತಿರ್ಲಿಲ್ಲ, ಪ್ಯಾಕಲ್ಲಿರೋ ಕೂಪನ್ ಕೂಡಿಟ್ಟು ಅಂಚೇಲಿ ಕಳಿಸಿದ್ರೆ ಮನೆಗೆ ಬರ್ತಿತ್ತು, ಬಂದಿದ್ದನ್ನ ಜನ ಗೋಡೆಗೆ ಹಾಕೋರು, ಹಾಗಾಗಿ ಪಿನ್ ಹೊಡೆದ ತೂತು, ಮೂಲೆ ಮುರಿದಿದ್ದು ಎಲ್ಲಾ ಅದರಲ್ಲಿ ಮಾಮೂಲು. ಅದರಲ್ಲಿರೋ ಆ ಕಾಲದ ಸ್ಟಾರ್ ಆಟಗಾರ ಟೈ ಕಾಬ್ ಚಿತ್ರ ನೋಡ್ಬಿಟ್ರೆ ಬೇರೆ ಯಾವ ಕಾರ್ಡೂ ಬೇಡ ಅನ್ಸತ್ತೆ, ರೇಟ್ ಕೇಳಿದ್ರೆ ಅದೇ ಬೇಡ ಅನ್ಸತ್ತೆ. ಒಂದು ಹುಷಾರು, ಟಾಪ್ಸ್ 2005ರಿಂದ ಟರ್ಕಿ ರೆಡ್ ಹೆಸರಲ್ಲೇ ಅದೇ ಡಿಸೈನಿನ ಹೊಸ ಕಾರ್ಡ್ ತಂದಿದೆ, ಆನ್‌ಲೈನಲ್ಲಿ ಹುಡುಕಿದ್ರೆ ಅದೇ ರಾಶಿ ರಾಶಿ ಬರತ್ತೆ.

ಅದಕ್ಕೇ ಹೇಳೋದು, ಶೋಗೆ ಹೋಗುವಾಗ ಜೇಬಲ್ಲಿ ಒಂದು ಮಿಲಿಮೀಟರ್ ಸ್ಕೇಲ್ ಇರ್ಲಿ. ಜೈಂಟ್ಸ್ ಕಾರ್ಡ್ ಸುಮಾರು 79 × 133 ಮಿ.ಮೀ. ಇರ್ಬೇಕು, 1952-56ರ ಟಾಪ್ಸ್ ಸುಮಾರು 67 × 95. ಎರಡನೇದು ಯಾಕೆ ಮುಖ್ಯ ಅಂದ್ರೆ, 1983ರಲ್ಲಿ ಟಾಪ್ಸೇ 1952ರ ಸೆಟ್ಟಿನ 402 ಕಾರ್ಡನ್ನ ಮತ್ತೆ ಪ್ರಿಂಟ್ ಮಾಡ್ತು, ಆದ್ರೆ ಈಗಿನ ಚಿಕ್ಕ ಸೈಜಲ್ಲಿ, ಹಾಗಾಗಿ 1952ರ ಕಾರ್ಡು ಅಂತ ಕೊಟ್ಟಿದ್ದು ಕರೆಕ್ಟಾಗಿ 2½ × 3½ ಇದ್ರೆ ಬೇರೇನೂ ನೋಡೋದೇ ಬೇಡ. ಅಂಚು ಕತ್ತರಿಸಿರೋದು ಇನ್ನೊಂದು ಕಾಟ, ಮೂಲೆ ಸವೆದಿದ್ದನ್ನ ಮುಚ್ಚೋಕೆ ಬ್ಲೇಡ್ ಆಡಿಸಿರ್ತಾರೆ, ಅಂಥದ್ದು ಅಳತೆಗೆ ಒಂದು ಮಿ.ಮೀ. ಕಮ್ಮಿ ಬರತ್ತೆ ಇಲ್ಲಾ ಒಂದು ಅಂಚು ಮಾತ್ರ ಅನುಮಾನ ಬರೋಷ್ಟು ಫ್ರೆಶ್ಶಾಗಿ ಕಾಣತ್ತೆ. ಹೆಸರನ್ನಂತೂ ನಂಬ್ಲೇಬೇಡಿ: ಟಾಪ್ಸ್ ಸೂಪರ್ ಅಂತ ಇನ್ನೊಂದು ಸೆಟ್ಟಿದೆ, 1970, 71ರದ್ದು ಜೈಂಟ್ಸಿನಷ್ಟೇ ದೊಡ್ಡದು, 1969ರ ಸೂಪರ್ ಮಾತ್ರ 2¼ × 3¼, ಮಾಮೂಲಿ ಕಾರ್ಡಿಗಿಂತ ಚಿಕ್ಕದು, ಆದ್ರೂ ಸಿಗೋದು ಅಪರೂಪ ಅಂತ ಅದಕ್ಕೇ ರೇಟ್ ಜಾಸ್ತಿ.

ಇಡೋ ಚಿಂತೆ ದೊಡ್ಡದೇನಲ್ಲ, ಪೋಸ್ಟ್‌ಕಾರ್ಡ್ ಕಲೆಕ್ಟ್ ಮಾಡೋರು ಬಳಸೋ ಕವರು, ಒಂದು ಹಾಳೆಗೆ ನಾಲ್ಕು ಪಾಕೆಟ್ ಇರೋ ಆಲ್ಬಮ್ ಶೀಟು ಜೈಂಟ್ಸಿಗೆ ಸರಿಯಾಗತ್ತೆ. ಪಿವಿಸಿ ಇಲ್ಲದ್ದು ತಗೊಳ್ಳಿ, ಮೆತ್ತಗಿದ್ದು ವಾಸನೆ ಹೊಡೆಯೋ ಪ್ಲಾಸ್ಟಿಕ್ಕು ವರ್ಷಗಟ್ಟಲೆ ಇಟ್ರೆ ಕಾರ್ಡಿಗೆ ಅಂಟ್ಕೊಳತ್ತೆ.

ಒಂದೇ ಒಂದು ಮ್ಯಾಂಟಲ್ ಸಾಕು ಅಂದ್ರೆ ಜೈಂಟ್ಸ್‌ದು ಕಣ್ಣು ಮುಚ್ಕೊಂಡು ತಗೊಳ್ಳಿ. 60ನ್ನೂ ಪೂರ್ತಿ ಮಾಡೋ ಆಸೆ ಇದ್ರೆ ಮಾತ್ರ ಮೊದಲು ಸ್ಯಾಂಡಿ ಕೋಫ್ಯಾಕ್ಸ್, ವಿಲ್ಲಿ ಮೇಸ್ ಅನ್ನೋ ಸ್ಟಾರ್ ಆಟಗಾರರಿಬ್ಬರದ್ದೂ ರೇಟ್ ವಿಚಾರಿಸಿ, ಯಾಕಂದ್ರೆ ಕಮ್ಮಿ ಪ್ರಿಂಟ್ ಆಗಿರೋ ಕೆಲವೇ ಕಾರ್ಡಲ್ಲಿ ಅವೆರಡೂ ಇವೆ, ಉಳಿದಿದ್ದೆಲ್ಲಾ ಆರಾಮಾಗಿ ಕೂಡಿಸಿ ಕೊನೆಗೆ ಇವರಿಬ್ಬರ ಹತ್ರ ಬಂದು ನಿಂತ್ಕೊಳೋರೇ ಜಾಸ್ತಿ.